ಹಾರ್ವೆ ಕುಶಿಂಗ್

ಹಾರ್ವೆ ವಿಲಿಯಮ್ಸ್ ಕುಶಿಂಗ್ (8 ಏಪ್ರಿಲ್ 1869 – 7 ಅಕ್ಟೋಬರ್ 1939) ಅಮೆರಿಕದ ಶಸ್ತ್ರವೈದ್ಯರು, ರೋಗಶಾಸ್ತ್ರ ಸಂಶೋಧಕರು ಮತ್ತು ಲೇಖಕರು. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ವೈದ್ಯಕೀಯ ಶಾಖೆಯಾಗಿ ರೂಪಿಸಿದವರಲ್ಲಿ ಇವರು ಅಗ್ರಗಣ್ಯರು. ಈ ಕಾರಣದಿಂದ ಇವರನ್ನು ಆಧುನಿಕ ನರಶಸ್ತ್ರಚಿಕಿತ್ಸೆಯ ಪಿತಾಮಹರೆಂದು ಕರೆಯಲಾಗುತ್ತದೆ. ಪಿಟ್ಯುಟರಿ ಗ್ರಂಥಿಯ ಒಂದು ಕಾಯಿಲೆಗೆ ಇವರ ಹೆಸರನ್ನೇ ಇಡಲಾಗಿದ್ದು, ಅದು ಕುಶಿಂಗ್ ರೋಗವೆಂದು ಪ್ರಸಿದ್ಧವಾಗಿದೆ.

ಮಕ್ಕಳಲ್ಲಿ ಕಂಡುಬರುವ ಮಿದುಳಿನ ಗಡ್ಡೆಗಳ ಅಧ್ಯಯನದಲ್ಲಿಯೂ ಕುಶಿಂಗ್ ಅವರ ಕೊಡುಗೆ ಮಹತ್ವದ್ದಾಗಿದೆ. ಮಕ್ಕಳ ಮಿದುಳಿನ ಮಾರಕ ಗಡ್ಡೆಗಳಲ್ಲಿ ಪ್ರಮುಖವಾದ ಮೆಡುಲೊಬ್ಲಾಸ್ಟೋಮಾವನ್ನು ಇವರು ಪರ್ಸಿವಲ್ ಬೈಲಿ ಅವರೊಡನೆ 1925ರಲ್ಲಿ ಗುರುತಿಸಿ ಹೆಸರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಇವರು ನೇರವಾಗಿ ಸಂಶೋಧನೆ ನಡೆಸಲಿಲ್ಲ. ಆದರೂ ಇವರು ವಿವರಿಸಿದ ಹಾರ್ಮೋನು ರೋಗ ಮತ್ತು ಇವರು ವಿಂಗಡಿಸಿದ ಗಡ್ಡೆಗಳು, ಮಕ್ಕಳ ಮಿದುಳಿನ ಗಡ್ಡೆಗಳಿಗೆ ರೋಗನಿರೋಧಕ ಚಿಕಿತ್ಸೆ ನೀಡುವ ಇಂದಿನ ಪ್ರಯತ್ನಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಬಾಲ್ಯ ಮತ್ತು ಶಿಕ್ಷಣ

ಕುಶಿಂಗ್ ಅವರು ಓಹಿಯೋ ರಾಜ್ಯದ ಕ್ಲೀವ್‌ಲೆಂಡ್ ನಗರದಲ್ಲಿ ಜನಿಸಿದರು. ತಂದೆ ಹೆನ್ರಿ ಕರ್ಕ್ ಕುಶಿಂಗ್, ತಾಯಿ ಬೆಟ್ಸಿ ಮರಿಯಾ ವಿಲಿಯಮ್ಸ್. ಹತ್ತು ಮಕ್ಕಳಲ್ಲಿ ಇವರೇ ಕಿರಿಯರು. ತಂದೆ, ಅಜ್ಜ ಹಾಗೂ ಮುತ್ತಜ್ಜ ಮೂವರೂ ವೈದ್ಯರಾಗಿದ್ದುದರಿಂದ ಇವರು ಮನೆತನದ ನಾಲ್ಕನೆಯ ತಲೆಮಾರಿನ ವೈದ್ಯರಾದರು. 1891ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅಲ್ಲಿ ಬೇಸ್‌ಬಾಲ್ ಆಟಗಾರರಾಗಿಯೂ ಹೆಸರು ಮಾಡಿದ್ದರು. ಚಿತ್ರ ಬರೆಯುವುದರಲ್ಲಿ ಇವರಿಗಿದ್ದ ಕೌಶಲ ಮುಂದೆ ಶಸ್ತ್ರಚಿಕಿತ್ಸೆಯ ಹಂತಗಳನ್ನು ರೇಖಾಚಿತ್ರಗಳಲ್ಲಿ ದಾಖಲಿಸಲು ನೆರವಾಯಿತು.

1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ವೈದ್ಯ ಪದವಿ ಪಡೆದರು. ಆ ಕಾಲದಲ್ಲಿ ಈಥರ್ ಮೂಲಕ ಅರಿವಳಿಕೆ ನೀಡುವ ಹೊಣೆಯನ್ನು ವಿದ್ಯಾರ್ಥಿಗಳಿಗೇ ವಹಿಸಲಾಗುತ್ತಿತ್ತು. ಕುಶಿಂಗ್ ಅವರು ಅರಿವಳಿಕೆ ನೀಡುತ್ತಿದ್ದಾಗಲೇ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸಾವನ್ನಪ್ಪಿದರು. ಈ ಘಟನೆ ಅವರನ್ನು ಆಳವಾಗಿ ಕಲಕಿತು. ಬಳಿಕ ಸಹಪಾಠಿ ಅರ್ನೆಸ್ಟ್ ಅಮೊರಿ ಕಾಡ್ಮನ್ ಅವರೊಡನೆ ಸೇರಿ, ಅರಿವಳಿಕೆಯ ಅವಧಿಯಲ್ಲಿ ರೋಗಿಯ ನಾಡಿಮಿಡಿತ ಮತ್ತು ಉಸಿರಾಟವನ್ನು ನಿಯತವಾಗಿ ಬರೆದಿಡುವ ಪಟ್ಟಿಗಳನ್ನು ರೂಪಿಸಿದರು. ಅರಿವಳಿಕೆಯ ದಾಖಲೆ ಇಡುವ ಇಂದಿನ ಪದ್ಧತಿಯ ಮೂಲಗಳಲ್ಲಿ ಇದೂ ಒಂದು. ತಪ್ಪನ್ನು ಬರೆದಿಟ್ಟು ಅದರಿಂದಲೇ ಪಾಠ ಕಲಿಯುವ ಈ ಅಭ್ಯಾಸ ಅವರ ಜೀವನದುದ್ದಕ್ಕೂ ಉಳಿಯಿತು.

ಜಾನ್ಸ್ ಹಾಪ್ಕಿನ್ಸ್ ಮತ್ತು ಯುರೋಪ್ ಪ್ರವಾಸ

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದ ಕುಶಿಂಗ್ ಅವರು 1896ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರಿಂದ ನಿಧಾನವಾದ, ರಕ್ತಸ್ರಾವವನ್ನು ಕನಿಷ್ಠಗೊಳಿಸುವ, ಅಂಗಾಂಶಗಳನ್ನು ಮೃದುವಾಗಿ ನಿರ್ವಹಿಸುವ ಶಸ್ತ್ರಕ್ರಮವನ್ನು ಕಲಿತರು. ಮಿದುಳಿನಂತಹ ಸೂಕ್ಷ್ಮ ಅಂಗಕ್ಕೆ ಈ ಕ್ರಮವೇ ತಕ್ಕುದೆಂಬುದನ್ನು ಅವರು ಮುಂದೆ ತೋರಿಸಿಕೊಟ್ಟರು. ವೈದ್ಯ ವಿಲಿಯಂ ಆಸ್ಲರ್ ಅವರ ಸ್ನೇಹವೂ ಇಲ್ಲಿಯೇ ದೊರೆಯಿತು.

1900–01ರಲ್ಲಿ ಯುರೋಪಿನಲ್ಲಿ ಅಧ್ಯಯನ ನಡೆಸಿದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೊಡೋರ್ ಕೋಖರ್ ಮತ್ತು ಹ್ಯೂಗೊ ಕ್ರೊನೆಕರ್ ಅವರ ಬಳಿ ಕೆಲಸ ಮಾಡುತ್ತ, ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿದಾಗ ರಕ್ತದೊತ್ತಡವೂ ಏರುವುದನ್ನು ಪ್ರಯೋಗಗಳ ಮೂಲಕ ತೋರಿಸಿದರು. ಇದನ್ನು ಇಂದು ಕುಶಿಂಗ್ ಪ್ರತಿವರ್ತನೆ ಎನ್ನಲಾಗುತ್ತದೆ. ಇಟಲಿಯ ಪಾವಿಯಾದಲ್ಲಿ ಸಿಪಿಯೋನೆ ರಿವಾ-ರೊಚ್ಚಿ ಅವರು ರೂಪಿಸಿದ್ದ ರಕ್ತದೊತ್ತಡ ಮಾಪಕದ ಬಳಕೆಯನ್ನು ಕಂಡು, ಅದನ್ನು ಅಮೆರಿಕಕ್ಕೆ ಪರಿಚಯಿಸಿದರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಅವರ ಪ್ರಯೋಗಗಳಲ್ಲಿ ನೆರವಾದರು.

ಮಿದುಳಿನ ಶಸ್ತ್ರಚಿಕಿತ್ಸೆಯ ಸುಧಾರಣೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಎಂದರೆ ಬಹುತೇಕ ಸಾವೇ ಆಗಿತ್ತು. ಗಡ್ಡೆ ಎಲ್ಲಿದೆಯೆಂದು ಹೊರಗಿನಿಂದ ತೋರಿಸುವ ಸಾಧನಗಳಿರಲಿಲ್ಲ. ತಲೆಬುರುಡೆ ತೆರೆದಾಗ ರಕ್ತಸ್ರಾವ, ಮಿದುಳಿನ ಊತ ಅಥವಾ ಅನಂತರದ ಸೋಂಕು ರೋಗಿಯನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಪ್ರತಿಜೀವಕ ಔಷಧಗಳು ಇನ್ನೂ ಬಂದಿರದ ಆ ಕಾಲದಲ್ಲಿ ಗಾಯ ಕೀವಾಗದಂತೆ ನೋಡಿಕೊಳ್ಳುವುದೊಂದೇ ಸೋಂಕಿನ ವಿರುದ್ಧದ ರಕ್ಷಣೆಯಾಗಿತ್ತು.

ಕುಶಿಂಗ್ ಅವರು ಈ ಅಪಾಯಗಳನ್ನು ಒಂದೊಂದಾಗಿ ಎದುರಿಸಿದರು. ರಕ್ತನಾಳಗಳನ್ನು ಬಿಗಿದು ರಕ್ತಸ್ರಾವ ನಿಲ್ಲಿಸುವ ಸಣ್ಣ ಬೆಳ್ಳಿಯ ಕ್ಲಿಪ್‌ಗಳನ್ನು 1911ರಲ್ಲಿ ಪರಿಚಯಿಸಿದರು. ಗಾಯವನ್ನು ಪದರ ಪದರವಾಗಿ ಬಿಗಿಯಾಗಿ ಹೊಲಿಯುವ ಕ್ರಮವನ್ನು ಕಡ್ಡಾಯಗೊಳಿಸಿದರು. ಭೌತವಿಜ್ಞಾನಿ ವಿಲಿಯಂ ಬೋವಿ ಅವರು ರೂಪಿಸಿದ ವಿದ್ಯುತ್ ಉಪಕರಣವನ್ನು 1926ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಬಳಸಿದರು. ಅಂಗಾಂಶವನ್ನು ಕತ್ತರಿಸುವಾಗಲೇ ರಕ್ತವನ್ನು ಹೆಪ್ಪುಗಟ್ಟಿಸುವ ಈ ಉಪಕರಣದಿಂದ, ಹಿಂದೆ ಕೈಬಿಟ್ಟಿದ್ದ ಗಡ್ಡೆಗಳನ್ನೂ ತೆಗೆಯಲು ಸಾಧ್ಯವಾಯಿತು. ಅವರ ವೃತ್ತಿಜೀವನದ ಕೊನೆಯ ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣ ಶೇಕಡಾ 10ರ ಆಸುಪಾಸಿಗೆ ಇಳಿದಿತ್ತು.

ಬಾಲ್ಟಿಮೋರ್‌ನಲ್ಲಿದ್ದಾಗಲೇ ಅವರ ಗಮನ ಮಕ್ಕಳ ಕಡೆಗೂ ಹರಿದಿತ್ತು. ಹೆರಿಗೆಯ ವೇಳೆ ನವಜಾತ ಶಿಶುಗಳ ತಲೆಬುರುಡೆಯೊಳಗೆ ಆಗುವ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆ ನೀಡುವ ಬಗ್ಗೆ 1905ರಲ್ಲಿ ಪ್ರಬಂಧ ಪ್ರಕಟಿಸಿದರು. ಅಂತಹ ಶಿಶುಗಳಿಗೆ ಏನೂ ಮಾಡಲಾಗದೆಂಬ ನಂಬಿಕೆ ಆಗ ವ್ಯಾಪಕವಾಗಿತ್ತು.

ಬಾಸ್ಟನ್ ಮತ್ತು ಮೊದಲ ಮಹಾಯುದ್ಧ

1912ರಲ್ಲಿ ಕುಶಿಂಗ್ ಅವರು ಹಾರ್ವರ್ಡ್‌ನಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿ, ಬಾಸ್ಟನ್ ನಗರದ ಹೊಸ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾಗಿ ನೇಮಕಗೊಂಡರು. ಮುಂದಿನ ಇಪ್ಪತ್ತು ವರ್ಷ ಇದೇ ಅವರ ಕಾರ್ಯಕ್ಷೇತ್ರವಾಯಿತು. ಯುರೋಪ್ ಮತ್ತು ಅಮೆರಿಕದ ಅನೇಕ ಯುವ ವೈದ್ಯರು ಇಲ್ಲಿ ತರಬೇತಿ ಪಡೆದು, ತಮ್ಮ ತಮ್ಮ ದೇಶಗಳಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗಗಳನ್ನು ಸ್ಥಾಪಿಸಿದರು.

ಮೊದಲ ಮಹಾಯುದ್ಧದ ಸಮಯದಲ್ಲಿ ಅವರು ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗಗಳಲ್ಲಿ ಸೇವೆ ಸಲ್ಲಿಸಿದರು. ಮಿದುಳಿಗೆ ಹೊಕ್ಕ ಗುಂಡಿನ ಚೂರುಗಳನ್ನೂ ನುಚ್ಚಾದ ಮೂಳೆಯನ್ನೂ ಸಂಪೂರ್ಣವಾಗಿ ಶುಚಿಗೊಳಿಸುವ ವಿಧಾನದಿಂದ, ಅರ್ಧಕ್ಕೂ ಹೆಚ್ಚಾಗಿದ್ದ ಸಾವಿನ ಪ್ರಮಾಣವನ್ನು 1917ರ ಕೆಲವೇ ತಿಂಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಆಸ್ಲರ್ ಅವರ ಮಗ ರೆವೆರ್ ಯುದ್ಧದಲ್ಲಿ ಗಾಯಗೊಂಡು ಮೃತಪಟ್ಟಾಗ ಕುಶಿಂಗ್ ಅವರು ಬಳಿಯಲ್ಲಿದ್ದರು. 1918ರಲ್ಲಿ ಸ್ವತಃ ತೀವ್ರ ಅಸ್ವಸ್ಥರಾದ ಅವರ ಕೈಕಾಲುಗಳ ನರಗಳು ದುರ್ಬಲಗೊಂಡವು. ಅದರ ತೊಂದರೆ ಬಹುಕಾಲ ಉಳಿಯಿತು.

ಮಕ್ಕಳ ಮಿದುಳಿನ ಗಡ್ಡೆಗಳು

ಮಕ್ಕಳಲ್ಲಿ ಮಿದುಳಿನ ಗಡ್ಡೆಯನ್ನು ಪತ್ತೆ ಹಚ್ಚುವುದೇ ಆಗ ದೊಡ್ಡ ಸವಾಲಾಗಿತ್ತು. ಬೆಳಗಿನ ಹೊತ್ತಿನ ತಲೆನೋವು ಹಾಗೂ ವಾಂತಿಯನ್ನು ಹೊಟ್ಟೆಯ ತೊಂದರೆಯೆಂದು ಭಾವಿಸಲಾಗುತ್ತಿತ್ತು. ನಡಿಗೆಯಲ್ಲಿ ತೂರಾಟ ಕಾಣಿಸಿಕೊಂಡು, ಕಣ್ಣಿನ ನರ ಊದಿಕೊಂಡು ದೃಷ್ಟಿ ಮಂಜಾಗುವ ಹೊತ್ತಿಗೆ ಗಡ್ಡೆ ಬಹಳ ಬೆಳೆದಿರುತ್ತಿತ್ತು. ತಲೆಬುರುಡೆಯ ಸಂಧಿಗಳು ಇನ್ನೂ ಬೆಸೆದಿರದ ಎಳೆಯ ಮಕ್ಕಳಲ್ಲಿ ತಲೆಯೇ ಹಿಗ್ಗಿ ಒತ್ತಡಕ್ಕೆ ಎಡೆಮಾಡಿಕೊಡುವುದರಿಂದ ಲಕ್ಷಣಗಳು ಇನ್ನಷ್ಟು ತಡವಾಗಿ ಗೋಚರಿಸುತ್ತಿದ್ದವು. ಎಷ್ಟೋ ಮಕ್ಕಳು ಕುರುಡಾದ ಮೇಲೆಯೇ ಶಸ್ತ್ರವೈದ್ಯರನ್ನು ತಲುಪುತ್ತಿದ್ದರು.

ವಯಸ್ಕರಲ್ಲಿ ಗಡ್ಡೆಗಳು ಹೆಚ್ಚಾಗಿ ಮಿದುಳಿನ ಮೇಲ್ಭಾಗದಲ್ಲಿ ಕಾಣಿಸಿಕೊಂಡರೆ, ಮಕ್ಕಳಲ್ಲಿ ತಲೆಯ ಹಿಂಭಾಗದ ಕೆಳಗಿರುವ ಕಿರುಮಿದುಳಿನ ಪ್ರದೇಶದಲ್ಲಿ ಹೆಚ್ಚು. ಅಲ್ಲಿ ಬೆಳೆಯುವ ಗಡ್ಡೆ ಮಿದುಳಿನ ದ್ರವ ಹರಿಯುವ ದಾರಿಯನ್ನು ಮುಚ್ಚುತ್ತದೆ. ದ್ರವ ಶೇಖರಗೊಂಡು ಒತ್ತಡ ಏರುತ್ತದೆ. ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಕಾಂಡ ಪಕ್ಕದಲ್ಲಿಯೇ ಇರುವುದರಿಂದ ಶಸ್ತ್ರಚಿಕಿತ್ಸೆ ಅತ್ಯಂತ ಅಪಾಯಕರವಾಗಿತ್ತು. ಕುಶಿಂಗ್ ಅವರು ಮಗುವನ್ನು ಬೋರಲು ಮಲಗಿಸಿ, ತಲೆಗೆ ವಿಶೇಷ ಆಸರೆ ನೀಡಿ, ಅಡ್ಡಬಿಲ್ಲಿನ ಆಕಾರದ ಸೀಳಿನ ಮೂಲಕ ಈ ಭಾಗವನ್ನು ತಲುಪುವ ವಿಧಾನವನ್ನು ಬಳಸಿದರು.

ಮೆಡುಲೊಬ್ಲಾಸ್ಟೋಮಾ

1919ರಲ್ಲಿ ಕುಶಿಂಗ್ ಅವರ ಬಳಿಗೆ ಬಂದ ಪರ್ಸಿವಲ್ ಬೈಲಿ ಅವರು, ಸ್ಪೇನಿನ ಸಂಶೋಧಕರು ರೂಪಿಸಿದ್ದ ಲೋಹದ ಬಣ್ಣಗಾರಿಕೆಯ ವಿಧಾನಗಳಿಂದ ಆಸ್ಪತ್ರೆಯ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸತೊಡಗಿದರು. ಮಕ್ಕಳ ಕಿರುಮಿದುಳಿನ ನಡುಭಾಗದಲ್ಲಿ ಹುಟ್ಟಿ, ಒತ್ತೊತ್ತಾದ ಸಣ್ಣ ಕೋಶಗಳಿಂದ ತುಂಬಿ, ವೇಗವಾಗಿ ಬೆಳೆಯುವ ಗಡ್ಡೆಯೊಂದನ್ನು ಅವರು ಪ್ರತ್ಯೇಕವಾಗಿ ಗುರುತಿಸಿದರು. ಇದಕ್ಕೆ ಮೊದಲು ಸ್ಪಂಜಿಯೊಬ್ಲಾಸ್ಟೋಮಾ ಎಂಬ ಹೆಸರನ್ನು ಯೋಚಿಸಲಾಗಿತ್ತು. ಆದರೆ ಬೇರೆ ಸಂಶೋಧಕರು ಅದನ್ನು ಇನ್ನೊಂದು ಗಡ್ಡೆಗೆ ಬಳಸಿದ್ದರಿಂದ, 1925ರ ಪ್ರಬಂಧದಲ್ಲಿ ಮೆಡುಲೊಬ್ಲಾಸ್ಟೋಮಾ ಎಂದು ಕರೆದರು. ಭ್ರೂಣದಲ್ಲಿರುವ ಮೆಡುಲೊಬ್ಲಾಸ್ಟ್ ಎಂಬ ಮೂಲಕೋಶದಿಂದ ಗಡ್ಡೆ ಹುಟ್ಟುತ್ತದೆ ಎಂಬ ಊಹೆ ಈ ಹೆಸರಿನ ಹಿಂದಿತ್ತು. ಅಂತಹ ಕೋಶ ಮುಂದೆ ಎಂದೂ ಪತ್ತೆಯಾಗಲಿಲ್ಲವಾದರೂ ಹೆಸರು ಶಾಶ್ವತವಾಯಿತು.

ಈ ಗಡ್ಡೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದ ಮೂಲಕ ಬೀಜ ಬಿತ್ತಿದಂತೆ ಹರಡುತ್ತದೆ. ಹೀಗಾಗಿ ಕಣ್ಣಿಗೆ ಕಂಡ ಗಡ್ಡೆಯನ್ನೆಲ್ಲ ತೆಗೆದರೂ ರೋಗ ಮರುಕಳಿಸುತ್ತಿತ್ತು. ಶಸ್ತ್ರಚಿಕಿತ್ಸೆಯ ಬಳಿಕ ಕ್ಷ-ಕಿರಣ ಚಿಕಿತ್ಸೆ ನೀಡಿದರೆ ಗಡ್ಡೆ ಕುಗ್ಗುವುದನ್ನು ಕುಶಿಂಗ್ ಅವರ ತಂಡ ಗಮನಿಸಿತು. ಆದರೆ ಆ ಕಾಲದ ಉಪಕರಣಗಳಿಂದ ದೊರೆತ ಉಪಶಮನ ತಾತ್ಕಾಲಿಕವಾಗಿತ್ತು.

1930ರಲ್ಲಿ ಕುಶಿಂಗ್ ಅವರು ತಮ್ಮ 61 ಮೆಡುಲೊಬ್ಲಾಸ್ಟೋಮಾ ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ ಬಹುತೇಕರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಥವಾ ಅನಂತರದ ಕೆಲವೇ ತಿಂಗಳುಗಳಲ್ಲಿ ಮೃತಪಟ್ಟಿದ್ದರು. ಮೂರು ವರ್ಷ ದಾಟಿ ಬದುಕಿದವರು ಅತಿ ವಿರಳ. ಜಗತ್ತಿನ ಅತ್ಯಂತ ನುರಿತ ಮಿದುಳು ಶಸ್ತ್ರವೈದ್ಯರೆಂದು ಹೆಸರಾಗಿದ್ದ ಅವರು ತಮ್ಮ ಈ ವೈಫಲ್ಯವನ್ನು ಮರೆಮಾಚದೆ ಒಂದೊಂದು ಪ್ರಕರಣವನ್ನೂ ಲೆಕ್ಕಕ್ಕಿಟ್ಟರು. ಶಸ್ತ್ರಚಿಕಿತ್ಸೆಯೊಂದರಿಂದಲೇ ಈ ರೋಗವನ್ನು ಗುಣಪಡಿಸಲಾಗದು ಎಂಬ ತೀರ್ಮಾನಕ್ಕೆ ಈ ದಾಖಲೆ ಬಲವಾದ ಆಧಾರವಾಯಿತು.

ಕಿರುಮಿದುಳಿನ ಆಸ್ಟ್ರೊಸೈಟೋಮಾ

ಮರುವರ್ಷವೇ, 1931ರಲ್ಲಿ, ಕಿರುಮಿದುಳಿನ ಆಸ್ಟ್ರೊಸೈಟೋಮಾದ 76 ಪ್ರಕರಣಗಳನ್ನು ಅವರು ವಿಶ್ಲೇಷಿಸಿದರು. ಅದೇ ವಯಸ್ಸಿನ ಮಕ್ಕಳಲ್ಲಿ, ಅದೇ ಜಾಗದಲ್ಲಿ, ಬಹುಮಟ್ಟಿಗೆ ಅದೇ ಲಕ್ಷಣಗಳೊಂದಿಗೆ ಕಾಣಿಸಿಕೊಳ್ಳುವ ಈ ಗಡ್ಡೆಯ ಗತಿ ಸಂಪೂರ್ಣ ಭಿನ್ನವಾಗಿತ್ತು. ಅದು ನಿಧಾನವಾಗಿ ಬೆಳೆಯುತ್ತದೆ. ಅನೇಕ ವೇಳೆ ದ್ರವ ತುಂಬಿದ ಚೀಲದ ಗೋಡೆಗೆ ಅಂಟಿಕೊಂಡ ಸಣ್ಣ ಗಂಟಿನ ರೂಪದಲ್ಲಿರುತ್ತದೆ. ದ್ರವವನ್ನು ಮಾತ್ರ ಹೊರತೆಗೆದರೆ ಚೀಲ ಮತ್ತೆ ತುಂಬಿಕೊಳ್ಳುತ್ತದೆ. ಗಂಟನ್ನು ಹುಡುಕಿ ತೆಗೆದರೆ ಮಗು ಗುಣವಾಗಿ ಬಹುಕಾಲ ಬದುಕಬಲ್ಲದು.

ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕುಶಿಂಗ್ ಅವರ ಕೊಡುಗೆಯ ಸ್ವರೂಪ ಸ್ಪಷ್ಟವಾಗುತ್ತದೆ. ಅದುವರೆಗೆ ಗ್ಲಿಯೋಮಾ ಎಂಬ ಒಂದೇ ಹೆಸರಿನಡಿ ಸೇರಿಹೋಗಿದ್ದ ರೋಗಗಳಲ್ಲಿ ಯಾವುದು ಗುಣವಾಗಬಲ್ಲದು, ಯಾವುದು ಮಾರಕ ಎಂಬುದನ್ನು ಬೇರ್ಪಡಿಸಿ ಹೇಳಲು ಸಾಧ್ಯವಾಯಿತು. ಬೈಲಿ ಅವರೊಡನೆ 1926ರಲ್ಲಿ ಪ್ರಕಟಿಸಿದ ಗ್ಲಿಯೋಮಾಗಳ ವರ್ಗೀಕರಣ ಗ್ರಂಥವು 400ಕ್ಕೂ ಹೆಚ್ಚು ಪ್ರಕರಣಗಳ ಅಧ್ಯಯನವನ್ನು ಆಧರಿಸಿದ್ದು, ಗಡ್ಡೆಯ ಕೋಶರಚನೆಯನ್ನು ರೋಗಿಯ ಬದುಕಿನ ಅವಧಿಯೊಂದಿಗೆ ಹೋಲಿಸಿತು. ಮುಂದಿನ ವರ್ಗೀಕರಣಗಳಿಗೆ ಇದು ಬುನಾದಿಯಾಯಿತು. 1927ರಲ್ಲಿ ಬಾಲ್ಯದ ಮಿದುಳಿನ ಗಡ್ಡೆಗಳ ಬಗ್ಗೆಯೇ ಪ್ರತ್ಯೇಕ ಲೇಖನವನ್ನು ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಗಡ್ಡೆಗಳ ಸಂಗ್ರಹ

ತಾವು ತೆಗೆದ ಪ್ರತಿಯೊಂದು ಗಡ್ಡೆಯ ಮಾದರಿ, ರೋಗಿಯ ಚಿತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ನಂತರದ ಸ್ಥಿತಿಯ ವಿವರವನ್ನು ಕುಶಿಂಗ್ ಅವರು ಕಾಪಾಡಿಕೊಂಡು ಬಂದರು. ಗುಣಮುಖರಾದವರು ವರ್ಷಕ್ಕೊಮ್ಮೆ ತಮ್ಮ ಆರೋಗ್ಯದ ಬಗ್ಗೆ ಪತ್ರ ಬರೆಯಬೇಕೆಂದು ಕೇಳಿಕೊಳ್ಳುತ್ತಿದ್ದರು. ಈ ಸಂಗ್ರಹದ ನಿರ್ವಹಣೆಯಲ್ಲಿ ಲೂಯಿಸ್ ಐಸೆನ್‌ಹಾರ್ಟ್ ಅವರ ಪಾತ್ರ ದೊಡ್ಡದು. ಕಚೇರಿಯ ಸಹಾಯಕಿಯಾಗಿ ಬಂದ ಅವರು ಬಳಿಕ ವೈದ್ಯಕೀಯ ಪದವಿ ಪಡೆದು ನರರೋಗಶಾಸ್ತ್ರಜ್ಞರಾದರು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಡ್ಡೆಯ ಬಗೆಯನ್ನು ಗುರುತಿಸಿ ತಿಳಿಸುವುದರಲ್ಲಿ ನಿಪುಣರಾಗಿದ್ದರು. 1931ರ ಏಪ್ರಿಲ್‌ನಲ್ಲಿ ಕುಶಿಂಗ್ ಅವರು ಸೂಕ್ಷ್ಮದರ್ಶಕದಿಂದ ದೃಢಪಟ್ಟ ತಮ್ಮ 2,000ನೆಯ ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಸಿದರು.

ಈ ಸಂಗ್ರಹವನ್ನು ಮುಂದೆ ಯೇಲ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಿಸಲಾಯಿತು. ಬಹುಕಾಲ ವಿದ್ಯಾರ್ಥಿನಿಲಯವೊಂದರ ನೆಲಮಾಳಿಗೆಯಲ್ಲಿ ನಿರ್ಲಕ್ಷಿತವಾಗಿದ್ದ ಗಾಜಿನ ಭರಣಿಗಳನ್ನೂ ಛಾಯಾಚಿತ್ರಗಳನ್ನೂ ಜೀರ್ಣೋದ್ಧಾರಗೊಳಿಸಿ, 2010ರಲ್ಲಿ ಅಲ್ಲಿನ ವೈದ್ಯಕೀಯ ಗ್ರಂಥಾಲಯದಲ್ಲಿ ಕುಶಿಂಗ್ ಕೇಂದ್ರವಾಗಿ ತೆರೆಯಲಾಯಿತು.

ಪಿಟ್ಯುಟರಿ ಗ್ರಂಥಿ ಮತ್ತು ಕುಶಿಂಗ್ ರೋಗ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಬಗ್ಗೆ ಕುಶಿಂಗ್ ಅವರು 1912ರಲ್ಲಿ ಪ್ರಕಟಿಸಿದ ಗ್ರಂಥ ಆ ಕ್ಷೇತ್ರದ ಮೂಲಕೃತಿಗಳಲ್ಲಿ ಒಂದು. ಮೂಗಿನ ಮಾರ್ಗವಾಗಿ ಈ ಗ್ರಂಥಿಯನ್ನು ತಲುಪುವ ಶಸ್ತ್ರಕ್ರಮವನ್ನು 1910ರಿಂದ 1925ರವರೆಗೆ 231 ರೋಗಿಗಳಲ್ಲಿ ಬಳಸಿದರು. ಸಾವಿನ ಪ್ರಮಾಣ ಶೇಕಡಾ 5.6ರಷ್ಟಿತ್ತು. 1911ರಲ್ಲಿ ಪಿಟ್ಯುಟರಿ ಕೊರತೆಯಿದ್ದ ವ್ಯಕ್ತಿಯೊಬ್ಬರಿಗೆ ಮೃತ ಶಿಶುವಿನ ಗ್ರಂಥಿಯನ್ನು ಕಸಿ ಮಾಡುವ ಪ್ರಯತ್ನವನ್ನೂ ನಡೆಸಿದರು. ಅನ್ಯರ ಅಂಗಾಂಶವನ್ನು ದೇಹ ಏಕೆ ತಿರಸ್ಕರಿಸುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಆ ಪ್ರಯತ್ನ ಶಾಶ್ವತ ಫಲ ನೀಡಲಿಲ್ಲ.

ದುಂಡಗಿನ ಮುಖ, ಹೊಟ್ಟೆಯ ಸುತ್ತ ಶೇಖರಗೊಳ್ಳುವ ಕೊಬ್ಬು, ತೆಳುವಾದ ಚರ್ಮ, ನೇರಳೆ ಬಣ್ಣದ ಗೆರೆಗಳು, ದುರ್ಬಲ ಮೂಳೆಗಳು, ಏರಿದ ರಕ್ತದೊತ್ತಡ ಇವೆಲ್ಲ ಒಟ್ಟಾಗಿ ಕಾಣಿಸಿಕೊಳ್ಳುವ ರೋಗವನ್ನು 1932ರಲ್ಲಿ ಅವರು ವಿವರವಾಗಿ ನಿರೂಪಿಸಿದರು. ಪಿಟ್ಯುಟರಿಯ ಅತಿ ಸಣ್ಣ ಗಡ್ಡೆಯೊಂದು ಇದಕ್ಕೆ ಕಾರಣವೆಂದು ಪ್ರತಿಪಾದಿಸಿದರು. ಆ ಗಡ್ಡೆ ಸ್ರವಿಸುವ ಹಾರ್ಮೋನು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸಿ, ಕಾರ್ಟಿಸೋಲ್ ಅತಿಯಾಗಿ ಉತ್ಪತ್ತಿಯಾಗುವಂತೆ ಮಾಡುತ್ತದೆ ಎಂಬುದು ಮುಂದಿನ ದಶಕಗಳಲ್ಲಿ ದೃಢಪಟ್ಟಿತು.

ರೋಗನಿರೋಧಕ ವ್ಯವಸ್ಥೆಯೊಂದಿಗಿನ ನಂಟು

ಕುಶಿಂಗ್ ರೋಗಕ್ಕೆ ಸರಿಯಾದ ಚಿಕಿತ್ಸೆಯಿಲ್ಲದ ಕಾಲದಲ್ಲಿ ಹಲವು ರೋಗಿಗಳು ಸೋಂಕುಗಳಿಂದ ಸಾವನ್ನಪ್ಪುತ್ತಿದ್ದರು. ಅಧಿಕ ಕಾರ್ಟಿಸೋಲ್ ರಕ್ತದಲ್ಲಿನ ಲಿಂಫೊಸೈಟ್‌ಗಳನ್ನು ಕಡಿಮೆ ಮಾಡಿ, ಉರಿಯೂತವನ್ನು ತಗ್ಗಿಸಿ, ದೇಹದ ರಕ್ಷಣಾಶಕ್ತಿಯನ್ನು ಕುಗ್ಗಿಸುವುದೇ ಇದಕ್ಕೆ ಕಾರಣ. ಇದೇ ಗುಣವನ್ನು ಚಿಕಿತ್ಸೆಗೆ ಬಳಸಿಕೊಂಡು 1940ರ ದಶಕದ ಕೊನೆಯಲ್ಲಿ ಕಾರ್ಟಿಸೋನ್ ಔಷಧ ಬಂದಿತು. 1960ರ ದಶಕದ ಆರಂಭದಿಂದ ಈ ಗುಂಪಿನ ಡೆಕ್ಸಾಮೆಥಾಸೋನ್ ಮಿದುಳಿನ ಗಡ್ಡೆಯ ಸುತ್ತಲಿನ ಊತವನ್ನು ಇಳಿಸಲು ವ್ಯಾಪಕವಾಗಿ ಬಳಕೆಯಾಯಿತು. ಕುಶಿಂಗ್ ಅವರ ಕಾಲದಲ್ಲಿ ಊತದಿಂದಲೇ ಸಾಯುತ್ತಿದ್ದ ಎಷ್ಟೋ ರೋಗಿಗಳು ಇದರಿಂದ ಬದುಕುಳಿದರು. ಆದರೆ ದೀರ್ಘಕಾಲ ಇದನ್ನು ಸೇವಿಸುವ ಮಕ್ಕಳಲ್ಲಿ ಕುಶಿಂಗ್ ರೋಗದ ಲಕ್ಷಣಗಳೇ ಮೂಡುತ್ತವೆ.

ಮಿದುಳು ಮತ್ತು ರೋಗನಿರೋಧಕ ವ್ಯವಸ್ಥೆಯ ಸಂಬಂಧದ ಬಗ್ಗೆ ಕುಶಿಂಗ್ ಅವರ ಸಮಕಾಲೀನರೇ ಪ್ರಯೋಗಗಳನ್ನು ಆರಂಭಿಸಿದ್ದರು. ಒಂದು ಪ್ರಾಣಿಯ ಗಡ್ಡೆಯನ್ನು ಬೇರೆ ಜಾತಿಯ ಪ್ರಾಣಿಯ ಚರ್ಮದಡಿ ಇಟ್ಟರೆ ಅದು ನಾಶವಾಗುತ್ತದೆ, ಮಿದುಳಿನಲ್ಲಿ ಇಟ್ಟರೆ ಬೆಳೆಯುತ್ತದೆ ಎಂಬುದನ್ನು 1920ರ ದಶಕದ ಆರಂಭದಲ್ಲಿ ತೋರಿಸಲಾಯಿತು. ಗಡ್ಡೆಯೊಡನೆ ಆ ಪ್ರಾಣಿಯ ಗುಲ್ಮದ ಚೂರನ್ನೂ ಇಟ್ಟಾಗ ಗಡ್ಡೆ ಬೆಳೆಯಲಿಲ್ಲವೆಂದು ಜೇಮ್ಸ್ ಮರ್ಫಿ ಮತ್ತು ಅರ್ನೆಸ್ಟ್ ಸ್ಟರ್ಮ್ ಅವರು 1923ರಲ್ಲಿ ವರದಿ ಮಾಡಿದರು. 1948ರಲ್ಲಿ ಪೀಟರ್ ಮೆಡಾವರ್ ಅವರು ಮೊಲಗಳ ಮಿದುಳಿನಲ್ಲಿ ಚರ್ಮದ ಕಸಿ ಮಾಡಿ, ಮಿದುಳು ರಕ್ಷಣಾ ಕೋಶಗಳಿಗೆ ಸಂಪೂರ್ಣ ನಿಷಿದ್ಧ ಪ್ರದೇಶವಲ್ಲವೆಂದು ತೋರಿಸಿದರು. ದೇಹದ ಬೇರೆಡೆ ಅದೇ ಅಂಗಾಂಶವನ್ನು ಮೊದಲೇ ಎದುರಿಸಿದ್ದ ಪ್ರಾಣಿಗಳು ಮಿದುಳಿನಲ್ಲಿದ್ದ ಕಸಿಯನ್ನೂ ತಿರಸ್ಕರಿಸಿದವು. ಮಿದುಳಿನ ಹೊದಿಕೆಗಳಲ್ಲಿ ದುಗ್ಧನಾಳಗಳಿರುವುದು 2015ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ಖಚಿತವಾಯಿತು.

ಮಕ್ಕಳ ಮಿದುಳಿನ ಗಡ್ಡೆಗಳಿಗೆ ರೋಗನಿರೋಧಕ ಚಿಕಿತ್ಸೆ ನೀಡುವುದು ವಯಸ್ಕರ ಕ್ಯಾನ್ಸರ್‌ಗಳಿಗಿಂತ ಕಠಿಣವಾಗಿದೆ. ಈ ಗಡ್ಡೆಗಳಲ್ಲಿ ಆನುವಂಶಿಕ ವ್ಯತ್ಯಯಗಳು ಸಾಮಾನ್ಯವಾಗಿ ಕಡಿಮೆ ಇರುವುದರಿಂದ ರಕ್ಷಣಾ ಕೋಶಗಳು ಅವುಗಳನ್ನು ಅನ್ಯವೆಂದು ಗುರುತಿಸಲು ಸಿಗುವ ಸುಳಿವುಗಳೂ ಕಡಿಮೆ. ಮೆಡುಲೊಬ್ಲಾಸ್ಟೋಮಾದೊಳಗೆ ಟಿ ಕೋಶಗಳು ವಿರಳವಾಗಿರುತ್ತವೆ. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಗಡ್ಡೆಯ ಗುರುತನ್ನು ಹಿಡಿಯುವಂತೆ ಮಾರ್ಪಡಿಸಿ ಮರಳಿಸುವ ಚಿಕಿತ್ಸೆ ಈಗ ಪ್ರಯೋಗದ ಹಂತದಲ್ಲಿದೆ. ಮಿದುಳಿನ ಕಾಂಡ ಮತ್ತು ಬೆನ್ನುಹುರಿಯ ಒಂದು ಬಗೆಯ ಮಾರಕ ಗ್ಲಿಯೋಮಾ ಇದ್ದ ಮೊದಲ ನಾಲ್ವರು ಎಳೆಯ ರೋಗಿಗಳಲ್ಲಿ ಮೂವರಿಗೆ ಇದರಿಂದ ಸುಧಾರಣೆ ಕಂಡುಬಂದಿತೆಂದು ಸ್ಟ್ಯಾನ್‌ಫರ್ಡ್ ವೈದ್ಯರು 2022ರಲ್ಲಿ ವರದಿ ಮಾಡಿದರು.

ಈ ಚಿಕಿತ್ಸೆಯಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಟಿ ಕೋಶಗಳು ಗಡ್ಡೆಯ ಮೇಲೆ ದಾಳಿ ಮಾಡಿದಾಗ ಉರಿಯೂತ ಉಂಟಾಗಿ ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆಯೊಳಗಿನ ಒತ್ತಡ ಏರಿದರೆ ಆಗುವ ಅಪಾಯವನ್ನು ಕುಶಿಂಗ್ ಅವರು 1901ರಲ್ಲಿಯೇ ವಿವರಿಸಿದ್ದರು. ಊತ ಇಳಿಸಲು ಡೆಕ್ಸಾಮೆಥಾಸೋನ್ ನೀಡಿದರೆ ಟಿ ಕೋಶಗಳ ಶಕ್ತಿಯೂ ಕುಂದಬಹುದು. ಆದ್ದರಿಂದ ಇಂತಹ ಪ್ರಯೋಗಗಳಲ್ಲಿ ಸ್ಟಿರಾಯ್ಡ್ ಬಳಕೆಯನ್ನು ಆದಷ್ಟು ಮಿತಗೊಳಿಸಲಾಗುತ್ತದೆ.

ವ್ಯಕ್ತಿತ್ವ ಮತ್ತು ವಿವಾದಗಳು

ಕುಶಿಂಗ್ ಅವರು ಅತ್ಯಂತ ಶ್ರಮಜೀವಿಯಾಗಿದ್ದರು ಹಾಗೂ ಸಹಾಯಕರಿಂದಲೂ ಅಷ್ಟೇ ಶ್ರಮವನ್ನು ನಿರೀಕ್ಷಿಸುತ್ತಿದ್ದರು. ರೋಗಿಗಳೊಂದಿಗೆ ಮೃದುವಾಗಿ ವರ್ತಿಸುತ್ತಿದ್ದ ಅವರು ಕಿರಿಯ ವೈದ್ಯರನ್ನು ಕಟುವಾಗಿ ಟೀಕಿಸುತ್ತಿದ್ದರು. ಹಾಪ್ಕಿನ್ಸ್‌ನಲ್ಲಿ ಅವರ ಶಿಷ್ಯರಾಗಿದ್ದ ವಾಲ್ಟರ್ ಡ್ಯಾಂಡಿ ಅವರೊಂದಿಗಿನ ವೈಮನಸ್ಯ ಜೀವನಪರ್ಯಂತ ಮುಂದುವರಿಯಿತು. ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಕ್ಷ-ಕಿರಣ ಚಿತ್ರ ತೆಗೆಯುವ ವಿಧಾನವನ್ನು ಡ್ಯಾಂಡಿ ಅವರು 1918ರಲ್ಲಿ ಪ್ರಕಟಿಸಿದಾಗ, ಗಡ್ಡೆಯ ಜಾಗವನ್ನು ಪತ್ತೆ ಹಚ್ಚಲು ಅದು ಬಹು ಉಪಯುಕ್ತವಾಗಿದ್ದರೂ ಕುಶಿಂಗ್ ಅವರು ಅದನ್ನು ಸಂಶಯದಿಂದಲೇ ಕಂಡರು.

ಮೃತರ ಅಂಗಾಂಶಗಳನ್ನು ಪಡೆಯುವ ವಿಷಯದಲ್ಲಿ ಅವರು ಕುಟುಂಬಗಳ ಮೇಲೆ ಒತ್ತಡ ಹೇರುತ್ತಿದ್ದ ಬಗೆಯನ್ನೂ ನಂತರದ ಇತಿಹಾಸಕಾರರು ಚರ್ಚಿಸಿದ್ದಾರೆ. ರೋಗಿ ಅಥವಾ ಪೋಷಕರ ಲಿಖಿತ ಸಮ್ಮತಿಯನ್ನು ಕಡ್ಡಾಯಗೊಳಿಸುವ ಇಂದಿನ ನಿಯಮಗಳು ಆಗ ಇರಲಿಲ್ಲ.

ಕುಟುಂಬ ಮತ್ತು ಬರವಣಿಗೆ

1902ರಲ್ಲಿ ಕ್ಯಾಥರೀನ್ ಕ್ರೊವೆಲ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹಿರಿಯ ಮಗ ವಿಲಿಯಂ 1926ರಲ್ಲಿ ಕಾರು ಅಪಘಾತದಲ್ಲಿ ಮೃತಪಟ್ಟರು. ಆ ಸುದ್ದಿ ತಿಳಿದ ದಿನವೂ ಕುಶಿಂಗ್ ಅವರು ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಯನ್ನು ಪೂರೈಸಿದರು.

ಅದೇ ವರ್ಷ, ಅವರು ಬರೆದ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆಗೆ ಪುಲಿಟ್ಜರ್ ಪ್ರಶಸ್ತಿ ಲಭಿಸಿತು. ಯುದ್ಧಕಾಲದ ದಿನಚರಿಯನ್ನು 1936ರಲ್ಲಿ ಪುಸ್ತಕವಾಗಿ ಹೊರತಂದರು. ನೊಬೆಲ್ ಪ್ರಶಸ್ತಿಗೆ ಹಲವು ಬಾರಿ ನಾಮನಿರ್ದೇಶನಗೊಂಡರೂ ಅದು ಅವರಿಗೆ ದೊರೆಯಲಿಲ್ಲ.

ಕೊನೆಯ ವರ್ಷಗಳು ಮತ್ತು ನಿಧನ

1932ರಲ್ಲಿ ಹಾರ್ವರ್ಡ್‌ನಿಂದ ನಿವೃತ್ತರಾದ ಕುಶಿಂಗ್ ಅವರು 1933ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನದ ಪ್ರಾಧ್ಯಾಪಕರಾದರು. ಅತಿಯಾದ ಧೂಮಪಾನದ ಅಭ್ಯಾಸವಿದ್ದ ಅವರು ಕಾಲಿನ ರಕ್ತನಾಳಗಳ ಕಾಯಿಲೆಯಿಂದ ಬಳಲುತ್ತಿದ್ದರು. 1938ರಲ್ಲಿ ಐಸೆನ್‌ಹಾರ್ಟ್ ಅವರೊಡನೆ ಮೆನಿಂಜಿಯೋಮಾ ಗಡ್ಡೆಗಳ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಮೆನಿಂಜಿಯೋಮಾ ಎಂಬ ಹೆಸರೂ 1922ರಲ್ಲಿ ಅವರೇ ಸೂಚಿಸಿದ್ದು.

1939ರ ಅಕ್ಟೋಬರ್ 7ರಂದು ಕನೆಕ್ಟಿಕಟ್‌ನ ನ್ಯೂ ಹೇವನ್ ನಗರದಲ್ಲಿ ಹೃದಯಾಘಾತದಿಂದ ನಿಧನರಾದರು. ಶವಪರೀಕ್ಷೆಯಲ್ಲ�� ಅವರ ಮಿದುಳಿನ ಮೂರನೆಯ ಕುಹರದಲ್ಲಿ, ಬದುಕಿರುವಾಗ ಯಾವ ತೊಂದರೆಯನ್ನೂ ಕೊಡದಿದ್ದ ಸಣ್ಣ ಕೊಲಾಯ್ಡ್ ಚೀಲವೊಂದು ಕಂಡುಬಂದಿತು. ಅವರ ಅಂತ್ಯಸಂಸ್ಕಾರ ಹುಟ್ಟೂರಾದ ಕ್ಲೀವ್‌ಲೆಂಡ್‌ನಲ್ಲಿ ನಡೆಯಿತು. ಅಪರೂಪದ ಪುಸ್ತಕಗಳ ತಮ್ಮ ಸಂಗ್ರಹವನ್ನು ಅವರು ಯೇಲ್‌ಗೆ ಬಿಟ್ಟುಹೋದರು.

ಪರಂಪರೆ

1932ರಲ್ಲಿ ಸ್ಥಾಪನೆಯಾದ ಹಾರ್ವೆ ಕುಶಿಂಗ್ ಸೊಸೈಟಿಯು ಮುಂದೆ ಅಮೆರಿಕದ ನರಶಸ್ತ್ರವೈದ್ಯರ ಪ್ರಮುಖ ಸಂಘವಾಗಿ ಬೆಳೆಯಿತು. ಐಸೆನ್‌ಹಾರ್ಟ್ ಅವರು ಅದರ ಅಧ್ಯಕ್ಷರಾಗಿಯೂ, ಅದು ಹೊರತಂದ ಪತ್ರಿಕೆಯ ಮೊದಲ ಸಂಪಾದಕರಾಗಿಯೂ ಸೇವೆ ಸಲ್ಲಿಸಿದರು. 1988ರಲ್ಲಿ ಅಮೆರಿಕದ ಅಂಚೆ ಇಲಾಖೆ ಕುಶಿಂಗ್ ಅವರ ಚಿತ್ರವಿರುವ ಅಂಚೆಚೀಟಿಯನ್ನು ಬಿಡುಗಡೆ ಮಾಡಿತು.

ಮೆಡುಲೊಬ್ಲಾಸ್ಟೋಮಾ ರೋಗಿಗಳ ಭವಿಷ್ಯ 1950ರ ದಶಕದಿಂದ ಬದಲಾಗತೊಡಗಿತು. ದ್ರವದ ಮೂಲಕ ಗಡ್ಡೆ ಹರಡುತ್ತದೆಂಬ ಅರಿವಿನ ಆಧಾರದ ಮೇಲೆ ಇಡೀ ಮಿದುಳು ಮತ್ತು ಬೆನ್ನುಹುರಿಗೆ ವಿಕಿರಣ ನೀಡುವ ಕ್ರಮ ರೂಢಿಗೆ ಬಂದಿತು. ನಂತರ ಔಷಧ ಚಿಕಿತ್ಸೆಯೂ ಸೇರಿಕೊಂಡಿತು. ಸುಸಜ್ಜಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುವ ಮಕ್ಕಳಲ್ಲಿ ಇಂದು ಮೂರನೆಯ ಎರಡು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಆದರೆ ವಿಕಿರಣವು ಬೆಳೆಯುವ ಮಿದುಳಿಗೆ ಹಾನಿ ಮಾಡಿ ಕಲಿಕೆ ಹಾಗೂ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು. ಮೂರು ವರ್ಷದೊಳಗಿನ ಮಕ್ಕಳಲ್ಲಿ ಅದನ್ನು ಸಾಧ್ಯವಾದಷ್ಟು ತಪ್ಪಿಸಲಾಗುತ್ತದೆ. ವಿಕಿರಣದ ಅಗತ್ಯವನ್ನು ತಗ್ಗಿಸಬಲ್ಲ ರೋಗನಿರೋಧಕ ಚಿಕಿತ್ಸೆಗಾಗಿ ಹುಡುಕಾಟ ನಡೆಯುತ್ತಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಕುಶಿಂಗ್ ಮತ್ತು ಬೈಲಿ ಅವರು ಒಂದೇ ರೋಗವೆಂದು ಹೆಸರಿಸಿದ ಮೆಡುಲೊಬ್ಲಾಸ್ಟೋಮಾದಲ್ಲಿ ನಾಲ್ಕು ಪ್ರಮುಖ ಗುಂಪುಗಳಿವೆಯೆಂದು 2012ರಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದರು. ಪ್ರತಿಯೊಂದು ಗುಂಪಿನ ಆನುವಂಶಿಕ ಸ್ವರೂಪವೂ ಚಿಕಿತ್ಸೆಗೆ ಸ್ಪಂದಿಸುವ ರೀತಿಯೂ ಬೇರೆ. ಸೂಕ್ಷ್ಮದರ್ಶಕದ ಬದಲು ಆನುವಂಶಿಕ ಪರೀಕ್ಷೆ ಬಂದಿದ್ದರೂ, ಗಡ್ಡೆಯ ಬಗೆಯನ್ನು ಮೊದಲು ನಿಖರವಾಗಿ ಗುರುತಿಸಿ, ಅದನ್ನು ಮಗುವಿನ ಬದುಕಿನ ಅವಧಿಯೊಂದಿಗೆ ಹೋಲಿಸಿ, ಬಳಿಕ ಚಿಕಿತ್ಸೆಯನ್ನು ನಿರ್ಧರಿಸುವ ಕ್ರಮ ಅವರಿಬ್ಬರು ಹಾಕಿಕೊಟ್ಟದ್ದೇ ಆಗಿದೆ.